ಹೈಗೇಟಿನ ಮರಗಳು, ನಮ್ಮ ವೀರಗಲ್ಲುಗಳು

ಲಂಡನ್

ತೀರ್ಥರೂಪರಾದ ಅಪ್ಪಯ್ಯನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ತೋಟದಂಚಿನ ವೀರಗಲ್ಲುಗಳ ಸುತ್ತಲಿನ ಮರಗಳನ್ನೆಲ್ಲ ಕಡಿಸಿ ಜಾಗವನ್ನು ಚೊಕ್ಕಟ ಮಾಡಬೇಕೆಂದು ಊರಿನವರು ಒತ್ತಾಯಿಸುತ್ತಿರುವುದು ನಿಮ್ಮ ಪತ್ರದಿಂದ ತಿಳಿಯಿತು. ತೀರ್ಮಾನಿಸುವ ಮೊದಲು ನಾನು ಇಲ್ಲಿ ಕಂಡದ್ದನ್ನು ದಯವಿಟ್ಟು ಓದಿ.

ಹೈಡ್ ಪಾರ್ಕ್, ರೀಜೆಂಟ್ಸ್ ಪಾರ್ಕ್‌ಗಳನ್ನು ಸುತ್ತಿದೆ. ಚೆನ್ನಾಗಿವೆ, ಆದರೆ ಮಲೆನಾಡಿನ ಕಣ್ಣಿಗೆ ತೀರಾ ಬಾಚಿಟ್ಟ ಹಾಗೆ ಕಾಣುತ್ತವೆ. ಮನಸ್ಸು ನಿಂತದ್ದು ಹೈಗೇಟಿನ ಸ್ಮಶಾನದಲ್ಲಿ. (ಅಮ್ಮನಿಗೆ ಇದನ್ನು ಓದಿ ಹೇಳುವಾಗ, ಬಂದೊಡನೆ ಸ್ನಾನ ಮಾಡಿದೆನೆಂದೂ ಸೇರಿಸಿ.) ಜನಸಂಖ್ಯೆ ಏರಿ ಚರ್ಚುಗಳ ಅಂಗಳದಲ್ಲಿ ಹೂಳಲು ನೆಲವೇ ಸಾಲದಾದಾಗ, 1833ರಿಂದ 1841ರೊಳಗೆ ಖಾಸಗಿ ಕಂಪನಿಗಳು ಊರಿನ ಆಗಿನ ಅಂಚಿನಲ್ಲಿ ಏಳು ದೊಡ್ಡ ಸ್ಮಶಾನಗಳನ್ನು ತೆರೆದವು. ಮೊದಲನೆಯದಾದ ಕೆನ್ಸಲ್ ಗ್ರೀನಿನಲ್ಲಿ ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥರ ಸಮಾಧಿಯಿದೆ. ಹೈಗೇಟ್ ತೆರೆದದ್ದು 1839ರಲ್ಲಿ.

ಸಮಾಧಿಗಳಿಗೆ ಜಾಗ ಮುಗಿಯುತ್ತಾ ಬಂದಂತೆ ಆದಾಯವೂ ಕುಸಿದು, ಇಪ್ಪತ್ತನೆಯ ಶತಮಾನದಲ್ಲಿ ನೋಡಿಕೊಳ್ಳುವವರಿಲ್ಲದೆ ಹೋದಾಗ, ತಾವಾಗಿ ಹುಟ್ಟಿದ ಸಿಕಮೋರ್ ಮರಗಳೂ ಐವಿ ಬಳ್ಳಿಯೂ ಹೈಗೇಟಿನ ಕಲ್ಲುಗಳ ಮೇಲೆ ಹಬ್ಬಿಕೊಂಡವು. ಅದನ್ನು ಉಳಿಸಲು 1975ರಲ್ಲಿ ಒಂದು ಸಂಘವೇ ಹುಟ್ಟಿಕೊಂಡಿತು. ನನಗೆ ಮೆಚ್ಚಿಗೆಯಾದದ್ದು ಅವರ ವಿವೇಕ: ಕಾಡನ್ನು ಪೂರ್ತಿ ಸವರದೆ, ಗೋರಿಗಳನ್ನು ಸೀಳುತ್ತಿದ್ದ ಮರಗಳನ್ನು ತೆಗೆದು, ಉಳಿದದ್ದನ್ನು ಬೆಳೆಯಲು ಬಿಟ್ಟಿದ್ದಾರೆ. ಹೀಗಾಗಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಮಲಗಿರುವ ಪಶ್ಚಿಮ ಭಾಗದಲ್ಲಿ ನಡೆದರೆ ನಗರದ ನಡುವೆ ಇದ್ದೇವೆಂಬುದೇ ಮರೆತುಹೋಗುತ್ತದೆ. ಪೂರ್ವ ಭಾಗದಲ್ಲಿ ಕಾರ್ಲ್ ಮಾರ್ಕ್ಸನ ಸಮಾಧಿಯಿದ್ದು, ಅದರ ಮೇಲಿನ ಭಾರೀ ತಲೆಯ ಶಿಲ್ಪವನ್ನು 1956ರಲ್ಲಿ ಇಟ್ಟರು. ಅವನನ್ನು ನೋಡಲೂ ಟಿಕೆಟ್ ಕೊಳ್ಳಬೇಕು! ಆ ಹಣ ಸ್ಮಶಾನದ ಪಾಲನೆಗೇ ಹೋಗುವುದರಿಂದ ನನಗೇನೂ ಬೇಸರವಾಗಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ದೂರ ನಿಂತಿರುವ ಹಲಸು, ನಂದಿ ಮರಗಳನ್ನು ಮುಟ್ಟಿಸಬೇಡಿ. ಕಲ್ಲಿನ ಸಂದಿಗೆ ಬೇರು ಬಿಟ್ಟ ಸಸಿಗಳನ್ನಷ್ಟೇ ತೆಗೆಸಿ. ಅವನ್ನೂ ಎಳೆದು ಕೀಳಿಸದೆ ಬುಡದಲ್ಲಿ ಕೊಯ್ಸುವುದು ಒಳ್ಳೆಯದು, ಏಕೆಂದರೆ ಬೇರಿನ ಜೊತೆ ಕಲ್ಲೂ ಕದಲೀತು. ಅದಕ್ಕೂ ಮೊದಲು, ಶಿವಮೊಗ್ಗೆಗೆ ಹೋದಾಗ ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯದವರನ್ನು ಒಂದು ಮಾತು ಕೇಳಿ, ಅವರು ಏನೆಂದರೆಂದು ನನಗೆ ಬರೆಯಿರಿ.

ಇಂತಿ,
ನಿಮ್ಮ ಮಗಳು