ನಾಟಕದ ಚಿತ್ರಗಳಿಗೆ ನಾಟಕದ ಹೆಸರೇ ಇಲ್ಲ!

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಕಲಾಭವನದಲ್ಲಿ ಇಟ್ಟಿರುವ ಡಚ್ ಚಿತ್ರಗಳ ಮುದ್ರಿತ ಪ್ರತಿಗಳ ಬಗ್ಗೆ ಭಾನುವಾರದ ಪತ್ರಿಕೆಯಲ್ಲಿ ಬಂದ ಹೊಗಳಿಕೆಯನ್ನು ನಂಬಿ ಹೋದವರ ಗತಿ ಹೇಳತೀರದು. ಲಿಫ್ಟ್ ಕೆಟ್ಟಿದೆ, ಮೂರು ಮಹಡಿ ಹತ್ತಬೇಕು, ಕೂರಲು ಒಂದು ಬೆಂಚೂ ಇಲ್ಲ. ಅದನ್ನೆಲ್ಲ ಸಹಿಸಬಹುದು. ಡಚ್ ಚಿತ್ರಕಾರ ಕಾರ್ನೆಲಿಸ್ ಟ್ರೋಸ್ಟ್ (1696–1750) ಚಿತ್ರಿಸಿದ ಪ್ರಹಸನದ ದೃಶ್ಯಗಳಿಗೆಲ್ಲ ‘ಹಾಲೆಂಡಿನ ಮನೆಬದುಕು, ತೈಲವರ್ಣ’ ಎಂದು ಒಂದೇ ಚೀಟಿ ಅಂಟಿಸಿದ್ದನ್ನು ಸಹಿಸುವುದು ಹೇಗೆ?

ಟ್ರೋಸ್ಟ್ ಆಮ್‌ಸ್ಟರ್‌ಡ್ಯಾಮಿನ ರಂಗಮಂದಿರದಲ್ಲಿ ನಟನಾಗಿದ್ದವನು, ರಂಗಸಜ್ಜಿಕೆ ಬರೆದವನು. ಅವನ 1738ರ ಚಿತ್ರದಲ್ಲಿ ರೈನಿಯರ್ ಎಂಬವನು ಸಾರ್ಚೆ ಎಂಬವಳನ್ನು ಮದುವೆಗೆ ಕೇಳುತ್ತಿರುವುದು ಯಾರದೋ ಮನೆಯ ಹೆಣ್ಣು ನೋಡುವ ಶಾಸ್ತ್ರವಲ್ಲ, ಥಾಮಸ್ ಆಸೆಲೈನ್ 1682ರಲ್ಲಿ ಬರೆದ ‘ಯಾನ್ ಕ್ಲಾಸ್’ ಪ್ರಹಸನದ ದೃಶ್ಯ. ಅದರಲ್ಲಿ ಸಾರ್ಚೆಯ ಪ್ರೇಮಿ ಯಾನ್ ಕೆಲಸದವಳ ವೇಷ ಹಾಕಿ ಆ ಮನೆ ಸೇರುತ್ತಾನೆ. ಇಷ್ಟು ಬರೆಯದಿದ್ದರೆ, ಗುಟ್ಟು ರಟ್ಟಾಗುವ ಇನ್ನೊಂದು ಚಿತ್ರದ ಗಡಿಬಿಡಿ ಯಾರಿಗೆ ಅರ್ಥವಾದೀತು? ಪೀಟರ್ ಲಾಂಗೆಂಡೈಕನ ನಾಟಕದಿಂದ (1715) ಎತ್ತಿಕೊಂಡ 1741ರ ಚಿತ್ರದಲ್ಲಿ ಸೂರ್ಯ ತಿರುಗುತ್ತದೋ ಭೂಮಿಯೋ ಎಂದು ಇಬ್ಬರು ಪಂಡಿತರು ಛತ್ರದಲ್ಲಿ ಕಿತ್ತಾಡುತ್ತಾರೆ. ಅದಕ್ಕೂ ಅದೇ ಚೀಟಿ!

ಇವು ತೈಲವರ್ಣವೂ ಅಲ್ಲ. ಹೇಗ್ ನಗರದ ಕಲಾಸಂಗ್ರಹಾಲಯ ಮಾರಿಟ್ಸ್‌ಹೌಸ್‌ನಲ್ಲಿರುವ ಈ ಮೂಲಚಿತ್ರಗಳು ಕಾಗದದ ಮೇಲಿನ ಪ್ಯಾಸ್ಟೆಲ್. ಪ್ಯಾಸ್ಟೆಲ್ ಎಂದರೆ ಕಾಗದದ ತರಿಗೆ ಹಿಡಿದುಕೊಂಡ ಬಣ್ಣದ ಪುಡಿ, ಅದಕ್ಕೆ ಎಣ್ಣೆಯ ಮಿರುಗಿಲ್ಲ. ಅದರ ಪ್ರತಿಗೆ ಹೊಳಪಿನ ಲ್ಯಾಮಿನೇಷನ್ ಹಾಕಿ ಎದುರಿಗೇ ಟ್ಯೂಬ್‌ಲೈಟ್ ಉರಿಸಿದರೆ ಚಿತ್ರ ಕಾಣುವುದಿಲ್ಲ, ನೋಡುವವರ ಮುಖ ಕಾಣುತ್ತದೆ. ಮ್ಯಾಟ್ ಕಾಗದದಲ್ಲಿ ಮುದ್ರಿಸಿ, ಗೋಡೆಗೆ ಸುಮಾರು 30 ಡಿಗ್ರಿ ಓರೆಯಾಗಿ ಮೇಲಿನಿಂದ ಬೆಳಕು ಬಿಟ್ಟಿದ್ದರೆ ಸಾಕಿತ್ತು. ಸಾಲದ್ದಕ್ಕೆ, ಫ್ರೇಮಿಗೆ ಹೊಂದಲಿ ಎಂದು ಅಂಚು ಕತ್ತರಿಸಿ ಬದಿಯ ಪಾತ್ರಗಳನ್ನು ಅರ್ಧ ಮಾಡಿದ್ದಾರೆ. ರಂಗದ ಮೇಲೆ ಯಾರು ಎಲ್ಲಿ ನಿಂತಿದ್ದಾರೆ ಎಂಬುದೇ ಈ ಚಿತ್ರಗಳ ಜೀವ.

ಕಚೇರಿಯಲ್ಲಿ ಕೇಳಿದರೆ ‘ಮೇಲಿನಿಂದ ಹಾಗೇ ಬಂದಿದೆ’ ಎನ್ನುತ್ತಾರೆ. ಸೋರುವ ಛಾವಣಿಗೂ, ಬೀಗ ಜಡಿದ ಶೌಚಾಲಯಕ್ಕೂ ಇದೇ ಉತ್ತರ. ಹೋದ ವರ್ಷ ಸೋಮನ ಕುಣಿತದ ಮುಖವಾಡಕ್ಕೆ ‘ಯಕ್ಷಗಾನ’ ಎಂದು ಚೀಟಿ ಹಚ್ಚಿದವರೂ ಇವರೇ. ಸಂಬಳ ಮಾತ್ರ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ.

ಕೂಡಲೇ ಚೀಟಿ ಬದಲಿಸಲಿ, ಇಲ್ಲವೇ ಪ್ರದರ್ಶನ ಮುಚ್ಚಲಿ. ಸಂಬಂಧಪಟ್ಟವರು ಇನ್ನಾದರೂ ಕಣ್ಣು ಬಿಡಲಿ. ನಾಟಕದ ಹೆಸರು ಬರೆಯುವಷ್ಟೂ ಶ್ರದ್ಧೆ ಇಲ್ಲದವರ ಕೈಗೆ ಕಲಾಭವನ ಕೊಟ್ಟವರು ಯಾರು?

– ಒಬ್ಬ ಚಿತ್ರಕಲಾ ಶಿಕ್ಷಕ, ಬೆಂಗಳೂರು