ಎಷ್ಟು ಫೋನ್ ಬಂದಿದೆ ಅಂತ ಮೊದಲೇ ಹೇಳಲಿ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 19ರಂದು ಐಫೋನ್ 17 ಮಾರಾಟ ಶುರುವಾದಾಗ ಮುಂಬೈ, ದೆಹಲಿಯ ಅಂಗಡಿಗಳ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿ ನಿಂತಿದ್ದನ್ನು ಟಿವಿಯಲ್ಲಿ ನೋಡಿದೆವು. ಮುಂಬೈಯಲ್ಲಂತೂ ಸಾಲಿನಲ್ಲೇ ಕೈಕೈ ಮಿಲಾಯಿಸಿದರು. ಬೆಂಗಳೂರಿನ ಹೆಬ್ಬಾಳದ ಆಪಲ್ ಅಂಗಡಿ ಬಾಗಿಲು ತೆರೆದು ಆಗಿನ್ನೂ ಮೂರು ವಾರ ಆಗಿರಲಿಲ್ಲ, ಅಲ್ಲೂ ಸಾಲು. ಇಂಥ ಸುದ್ದಿ ಬಂದಾಗ ನಾವು ಜನರ ಹುಚ್ಚನ್ನು ಬೈದು ಸುಮ್ಮನಾಗುತ್ತೇವೆ. ಮಾಲು ಎಷ್ಟಿತ್ತು, ಯಾವ ಊರಿಗೆ ಎಷ್ಟು ಹೋಯಿತು ಅಂತ ಯಾರೂ ಕೇಳುವುದಿಲ್ಲ. ನಾನು ಕೇಳಲೇಬೇಕು. ಯಾಕೆಂದರೆ ಗಿರಾಕಿಗಳು ಆ ಪ್ರಶ್ನೆಯನ್ನು ನನ್ನ ಹತ್ತಿರ ಕೇಳುತ್ತಾರೆ.

ತಮ್ಮನೂ ನಾನೂ ಸೇರಿ ತಿಪಟೂರಿನಲ್ಲಿ ಮೊಬೈಲ್ ಅಂಗಡಿ ನಡೆಸುತ್ತಿದ್ದೇವೆ. ಅಪ್ಪನ ಕಾಲದಲ್ಲಿ ಅದು ರೇಡಿಯೊ, ವಾಚು ರಿಪೇರಿಯ ಅಂಗಡಿ. ಈಗ ಫೋನು, ಕವರು, ಟೆಂಪರ್ಡ್ ಗ್ಲಾಸು, ರೀಚಾರ್ಜು, ಇಎಂಐ. ನಮ್ಮಲ್ಲಿಗೆ ಬರುವವರಲ್ಲಿ ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ಬರುವವರೇ ಜಾಸ್ತಿ. ಐಫೋನ್ ಕೇಳುವವರು ಅಪರೂಪ. ಹದಿನೈದರಿಂದ ಇಪ್ಪತ್ತು ಸಾವಿರದ ಫೋನು ಓಡುತ್ತದೆ. ಒಂದು ಸಲ ಕೊಂಡರೆ ಮೂರು ನಾಲ್ಕು ವರ್ಷ ಬಾಳಬೇಕು. ಅದಕ್ಕೇ ಹೊಸ ಮಾಡೆಲ್ ಬರುತ್ತಿದೆ ಅಂದರೆ, ಹಳೆಯದರ ಗಾಜು ಒಡೆದಿದ್ದರೂ ಟೇಪ್ ಅಂಟಿಸಿಕೊಂಡು ಕಾಯುತ್ತಾರೆ.

ಈಚೆಗೆ ದೊಡ್ಡ ಕಂಪನಿಯೊಂದು ಅಂಥ ಫೋನು ಬಿಡುಗಡೆ ಮಾಡಿತು. ಹೆಸರು ಬೇಡ, ಬೇರೆ ಕಂಪನಿಗಳಿಂದಲೂ ನಮಗೆ ಇದೇ ಅನುಭವ ಆಗಿದೆ. ಮಾಲಿಗಿಂತ ಮೊದಲು ಜಾಹೀರಾತು ಬಂತು. ಕ್ರಿಕೆಟ್ ಹಾಕಿದರೆ ಅದೇ, ಯೂಟ್ಯೂಬ್ ತೆಗೆದರೆ ಅದೇ. ಕಂಪನಿಯ ಹುಡುಗ ಪೋಸ್ಟರ್ ತಂದು ಬಾಗಿಲಿಗೆ ಅಂಟಿಸಿ, ಫೋಟೊ ತೆಗೆದು ಅವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿಕೊಂಡು ಹೋದ. ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಇಲ್ಲಿ ಲಭ್ಯ’ ಅಂತ ಇತ್ತು. ಕೈಯಲ್ಲಿ ಹಿಡಿದು ನೋಡಲು ಡೆಮೊ ಪೀಸೂ ಬಂತು. ಮಾರಲು ಮಾತ್ರ ಏನೂ ಇಲ್ಲ. ‘ಅಕ್ಕಾ, ಬಂತಾ?’ ಅಂತ ಕಾಲೇಜು ಹುಡುಗರು ದಿನಾ ಬಂದು ಇಣುಕುತ್ತಿದ್ದರು. ತಮ್ಮ ಒಂದು ನೋಟ್‌ಬುಕ್ಕಿನಲ್ಲಿ ಬಂದವರ ಹೆಸರು, ನಂಬರು, ಬೇಕಾದ ಬಣ್ಣ ಬರೆದಿಡಲು ಶುರು ಮಾಡಿದ.

ಕೊನೆಗೆ ಡಿಸ್ಟ್ರಿಬ್ಯೂಟರ್ ಕಡೆಯಿಂದ ಮೆಸೇಜ್ ಬಂತು. ನಮಗೆ 2 ಪೀಸ್. ಅದರ ಜೊತೆಗೆ ಓಡದ ಹಳೆ ಮಾಡೆಲ್ 5, ಸ್ಮಾರ್ಟ್‌ವಾಚ್ 3 ಬಿಲ್ ಮಾಡಿಸಿಕೊಳ್ಳಬೇಕು. ಫೋನ್ ಮಾಡಿ ಕೇಳಿದೆ. ‘ಮೇಡಂ, ಮೇಲಿಂದ ಬಂದಿರೋದೇ ಇಷ್ಟು. ನಿಮಗೆ ಬೇಡ ಅಂದ್ರೆ ಹೇಳಿ, ತುರುವೇಕೆರೆಗೆ ಕೊಡ್ತೀನಿ’ ಅಂದರು. ಅವರನ್ನೂ ಪೂರ್ತಿ ದೂರುವಂತಿಲ್ಲ. ಅವರ ತಲೆಯ ಮೇಲೂ ಟಾರ್ಗೆಟ್ ಇರುತ್ತದೆ.

ಪಾರ್ಸೆಲ್ ಬಿಚ್ಚಿ ನೋಡಿದರೆ ಎರಡೂ ಒಂದೇ ಬಣ್ಣ. ಎರಡೂ ಜಾಸ್ತಿ ಮೆಮೊರಿಯವು, ಬೆಲೆ ಮೂರು ಸಾವಿರ ಮೇಲೆ. ಜಾಹೀರಾತಿನಲ್ಲಿ ಯಾವ ಬೆಲೆ ತೋರಿಸಿ ಜನರನ್ನು ಕರೆದಿದ್ದರೋ, ಆ ಬೆಲೆಯ ಫೋನು ಒಂದೂ ಇರಲಿಲ್ಲ.

ನೊಣವಿನಕೆರೆ ಕಡೆಯ ರೈತರೊಬ್ಬರು ಮಗಳಿಗಾಗಿ ಹೆಸರು ಬರೆಸಿದ್ದರು. ಹುಡುಗಿ ತುಮಕೂರಿನಲ್ಲಿ ನರ್ಸಿಂಗ್ ಸೇರಿದ್ದಾಳೆ. ಇವರು ಪೇಪರಿನಲ್ಲಿದ್ದ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಂಡು, ಅಷ್ಟೇ ದುಡ್ಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ತಂದಿದ್ದರು. ಇರುವ ಫೋನಿನ ಬೆಲೆ ಹೇಳಿದೆ. ‘ಏನಮ್ಮಾ, ಪೇಪರ್‌ನಾಗೆ ಒಂದು ರೇಟು, ನಿಮ್ಮಂಗಡೀಲಿ ಒಂದು ರೇಟಾ?’ ಅಂದರು. ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರಿಗೆ ನಮ್ಮ ಮೇಲೆ ಅನುಮಾನ ಬಂದಿತ್ತು. ಪೆಟ್ಟಿಗೆಯ ಮೇಲಿನ ಎಂಆರ್‌ಪಿ ತೋರಿಸಿದೆ, ಬಿಲ್ ತೋರಿಸಿದೆ, ಮೆಮೊರಿ ಅಂದರೆ ಏನು ಅಂತ ವಿವರಿಸಿದೆ. ತಲೆಯಾಡಿಸಿದರು, ದುಡ್ಡನ್ನು ವಾಪಸ್ ಜೇಬಿಗಿಟ್ಟುಕೊಂಡು ಹೋದರು. ಅಪ್ಪನ ಕಾಲದಿಂದ ನಮ್ಮಲ್ಲಿಗೆ ಬರುತ್ತಿದ್ದ ಮನುಷ್ಯ. ಕಂಪನಿಯ ಜಾಹೀರಾತಿಗೆ ಅವರ ಮುಂದೆ ನಾನು ಸುಳ್ಳುಗಾತಿ ಆಗಬೇಕಾಯಿತಲ್ಲ, ಅದನ್ನು ನುಂಗಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.

ಮಾಲು ಕಡಿಮೆ ಬಿದ್ದಾಗಲೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಹೊಸ ಫೋನಿಗೆ ಹೊಸ ಕ್ಯಾಮೆರಾ, ಹೊಸ ಚಿಪ್ ಬೇಕು. ನೂರಾರು ಬಿಡಿಭಾಗಗಳಲ್ಲಿ ಒಂದು ತಡವಾದರೂ ಫೋನು ಕಾರ್ಖಾನೆಯಿಂದ ಹೊರಗೆ ಬರುವುದಿಲ್ಲ. 2021ರಲ್ಲಿ ಜಗತ್ತಿನಲ್ಲೆಲ್ಲ ಚಿಪ್‌ಗೆ ಬರ ಬಂದಿತ್ತು. ಗಣೇಶ ಚತುರ್ಥಿಗೆ ಬರಬೇಕಿದ್ದ ಜಿಯೋಫೋನ್ ನೆಕ್ಸ್ಟ್ ದೀಪಾವಳಿಗೆ ಹೋಯಿತು. 2022ರ ಕೊನೆಯಲ್ಲಿ ಚೀನಾದ ಝೆಂಗ್‌ಝೌ ಊರಿನಲ್ಲಿ ಐಫೋನ್ ಮಾಡುವ ಫಾಕ್ಸ್‌ಕಾನ್ ಕಾರ್ಖಾನೆ ಕೋವಿಡ್ ನಿರ್ಬಂಧಕ್ಕೆ ಸಿಕ್ಕಿತು. ಆಗ ಆಪಲ್ ಕಂಪನಿಯೇ ನವೆಂಬರ್ 6ರಂದು ಹೇಳಿಕೆ ಕೊಟ್ಟು, ಐಫೋನ್ 14 ಪ್ರೊ ಅಂದುಕೊಂಡದ್ದಕ್ಕಿಂತ ಕಡಿಮೆ ಬರುತ್ತದೆ, ಗಿರಾಕಿಗಳು ಜಾಸ್ತಿ ದಿನ ಕಾಯಬೇಕಾಗುತ್ತದೆ ಅಂತ ಹೇಳಿತು. ಅದಕ್ಕಿಂತ ಒಂದು ವರ್ಷ ಮೊದಲು, ಮಾಲು ಸಿಗದೆ ಮೂರು ತಿಂಗಳಲ್ಲಿ ಸುಮಾರು 600 ಕೋಟಿ ಡಾಲರ್ ವ್ಯಾಪಾರ ತಪ್ಪಿತು ಅಂತಲೂ ಷೇರುದಾರರಿಗೆ ಲೆಕ್ಕ ಒಪ್ಪಿಸಿತ್ತು. ಷೇರು ಕೊಂಡವರಿಗೆ ಹೇಳಲು ಬರುವ ಲೆಕ್ಕ ಫೋನು ಕೊಳ್ಳುವವರಿಗೆ ಹೇಳಲು ಯಾಕೆ ಬರಬಾರದು? ನನ್ನ ತಕರಾರು ಇಷ್ಟೇ. ಎಲ್ಲ ಕಂಪನಿಗಳೂ ಮಾರಾಟದ ದಿನಕ್ಕೆ ಮೊದಲೇ, ಪೇಪರಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ ಇದನ್ನು ಹೇಳಲಿ.

ಆನ್‌ಲೈನ್ ಫ್ಲ್ಯಾಶ್ ಸೇಲ್ ಶುರುವಾದ ಕಾಲ ನೆನಪಿದೆಯಾ? 2014ರ ಜುಲೈಯಲ್ಲಿ ಚೀನಾದ ಫೋನ್ ಕಂಪನಿ ಶಿಯೋಮಿ ನಮ್ಮ ದೇಶಕ್ಕೆ ಬಂತು. ಫೋನು ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ. ಸೆಪ್ಟೆಂಬರ್ 2ರಂದು ₹5,999ರ ರೆಡ್ಮಿ 1ಎಸ್ ಮಾರಾಟಕ್ಕೆ ಇಟ್ಟರು. 40,000 ಫೋನು 4.2 ಸೆಕೆಂಡಿನಲ್ಲಿ ಖಾಲಿ. ನಮ್ಮೂರಿನ ಹುಡುಗರು ಸೈಬರ್ ಸೆಂಟರಿನಲ್ಲಿ ಕೂತು ಬಟನ್ ಒತ್ತಿ ಒತ್ತಿ ಸೋತು, ನಮ್ಮ ಅಂಗಡಿಗೆ ಬಂದು ‘ಅಕ್ಕಾ, ನಿಮ್ಮಲ್ಲಿ ಸಿಗುತ್ತಾ’ ಅಂತ ಕೇಳುತ್ತಿದ್ದರು. ಆವತ್ತು ಎಷ್ಟು ಫೋನು ಅನ್ನುವ ಸಂಖ್ಯೆಯನ್ನಾದರೂ ಹೇಳಿದ್ದರು. ಈಗ ಎಷ್ಟೋ ಸಲ ‘ಸೋಲ್ಡ್ ಔಟ್’ ಅನ್ನುವ ಕೆಂಪು ಪಟ್ಟಿ ಮಾತ್ರ ಕಾಣುತ್ತದೆ. ಇದ್ದದ್ದು ಐನೂರಾ ಐವತ್ತು ಸಾವಿರವಾ, ಗೊತ್ತಾಗುವುದಿಲ್ಲ. ಖಾಲಿಯಾಯಿತು ಅನ್ನುವುದೇ ಮುಂದಿನ ಜಾಹೀರಾತು.

ಕೆಲವು ಫೋನುಗಳನ್ನು ಆನ್‌ಲೈನಿನಲ್ಲಿ ಮಾತ್ರ ಬಿಡುಗಡೆ ಮಾಡುವ ಈ ಪದ್ಧತಿಯ ಮೇಲೆ 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ತನಿಖೆಗೆ ಆದೇಶ ಮಾಡಿತು. ಅಮೆಜಾನ್, ಫ್ಲಿಪ್‌ಕಾರ್ಟ್ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದು ತಡೆ ತಂದವು. 2021ರ ಜೂನ್‌ನಲ್ಲಿ ಹೈಕೋರ್ಟ್ ಅವರ ಅರ್ಜಿ ವಜಾ ಮಾಡಿತು, ಜುಲೈಯಲ್ಲಿ ಅವರ ಮೇಲ್ಮನವಿಯೂ ವಜಾ ಆಯಿತು. ನಮ್ಮಂಥವರಿಗೆ ಆವತ್ತು ಸ್ವಲ್ಪ ಧೈರ್ಯ ಬಂದಿತ್ತು. ಕೋರ್ಟಿನ ವಿಷಯ ಕೋರ್ಟಿಗೆ ಬಿಡೋಣ. ಆದರೆ ಅಷ್ಟು ವರ್ಷದಲ್ಲಿ ಎಷ್ಟು ಸಣ್ಣ ಅಂಗಡಿಗಳು ಫೋನು ಮಾರುವುದು ಬಿಟ್ಟು ಬರೀ ರಿಪೇರಿ, ರೀಚಾರ್ಜಿಗೆ ಇಳಿದವು ಅಂತ ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಸಣ್ಣ ಊರಿನವರು ಮೊದಲೇ ಮಾಲು ತರಿಸಿ ಇಟ್ಟುಕೊಳ್ಳಬಾರದಾ ಅಂತ ಕೇಳುವವರಿದ್ದಾರೆ. ಐಫೋನ್ 17 ಒಂದನ್ನೇ ತೆಗೆದುಕೊಳ್ಳಿ. ಐದು ಬಣ್ಣ, ಎರಡು ಮೆಮೊರಿ, ಒಟ್ಟು ಹತ್ತು ಬಗೆ. ಬಿಡುಗಡೆಯಾದಾಗ 256 ಜಿಬಿಗೆ ₹82,900, 512 ಜಿಬಿಗೆ ₹1,02,900 ಇತ್ತು. ಬಗೆಗೆ ಒಂದೊಂದು ಇಟ್ಟರೂ ಆ ಎಂಆರ್‌ಪಿ ಲೆಕ್ಕದಲ್ಲಿ ₹9,29,000 ಆಗುತ್ತಿತ್ತು. ಪ್ರೊ ಮಾಡೆಲ್‌ಗಳು ಬೇರೆ. ಇಷ್ಟು ದುಡ್ಡು ಹಾಕಿ, ಯಾವ ಬಣ್ಣ ಓಡುತ್ತದೆ ಅಂತ ಊಹೆ ಮಾಡಿಕೊಂಡು ಕೂರುವುದು ನಮ್ಮಂಥ ಅಂಗಡಿಗೆ ಆಗದ ಮಾತು. ಕಡಿಮೆ ಬೆಲೆಯ ಫೋನಿನಲ್ಲೂ ಕಥೆ ಇದೇ, ಮೊತ್ತ ಕಡಿಮೆ ಅಷ್ಟೆ. ನಮಗೆ ಬೇಕಾದ್ದು ಬೇಕಾದಷ್ಟು ಪೀಸು, ಬೇಕಾದ ಬಣ್ಣದ್ದು, ಹೇಳಿದ ದಿನಕ್ಕೆ. ಬೇಡದ ಮಾಲನ್ನು ಅದರ ಬಾಲಕ್ಕೆ ಕಟ್ಟುವುದು ಬೇಡ. ಹಾಗೆ ಕಟ್ಟಿ ಮಾರುವ ಒಪ್ಪಂದದಿಂದ ಪೈಪೋಟಿಗೆ ಪೆಟ್ಟು ಬಿದ್ದರೆ 2002ರ ಸ್ಪರ್ಧಾ ಕಾಯ್ದೆಯಲ್ಲಿ ಕೇಳಲು ದಾರಿ ಇದೆ. ಆದರೆ ಮುಂದಿನ ಸಲ 2 ಪೀಸೂ ಸಿಗಲಿಕ್ಕಿಲ್ಲ ಅನ್ನುವ ಹೆದರಿಕೆಯಿಂದ ಯಾವ ಅಂಗಡಿಯವನೂ ದೂರು ಕೊಡುವುದಿಲ್ಲ.

ಗಿರಾಕಿಗಳ ಇನ್ನೊಂದು ಪ್ರಶ್ನೆ ನನ್ನನ್ನು ತುಂಬ ಕಾಡಿದೆ. ‘ಐಫೋನ್ ದೇವನಹಳ್ಳಿ ಹತ್ರಾನೇ ಮಾಡ್ತಾರಂತೆ, ಕೋಲಾರದ ನರಸಾಪುರದಲ್ಲೂ ಮಾಡ್ತಾರಂತೆ, ಆದ್ರೂ ಯಾಕಕ್ಕ ಕಾಯ್ಬೇಕು?’ ನಿಜ, ಮಾಡುತ್ತಾರೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೂ ಅಲ್ಲಿ ಶಿಫ್ಟ್ ಮಾಡುತ್ತಿದ್ದಾರೆ, ಹಬ್ಬಕ್ಕೆ ಊರಿಗೆ ಬಂದಾಗ ನಮ್ಮಲ್ಲೇ ಫೋನು ಕೊಳ್ಳುತ್ತಾರೆ. ಆದರೆ ಅಲ್ಲಿ ತಯಾರಾದದ್ದು ಇಲ್ಲಿಗೇ ಅಂತ ಅಲ್ಲ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಹೆಚ್ಚಿನವು ಭಾರತದಲ್ಲಿ ಮಾಡಿದವೇ ಆಗಿರುತ್ತವೆ ಅಂತ ಆಪಲ್ ಮುಖ್ಯಸ್ಥ ಟಿಮ್ ಕುಕ್ ಆ ವರ್ಷದ ಮೇ ತಿಂಗಳಲ್ಲಿ ಹೇಳಿದ್ದರು. ರಫ್ತಾಗಲಿ, ಸಂತೋಷ. ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೆ. ಆದರೆ ಜಮೀನು, ನೀರು, ಕರೆಂಟು ಕೊಟ್ಟ ರಾಜ್ಯದ ತಾಲ್ಲೂಕು ಊರುಗಳಿಗೆ ಬಿಡುಗಡೆಯ ವಾರದಲ್ಲಿ ಎಷ್ಟು ಪೀಸು ಬರುತ್ತದೆ ಅಂತ ಕೇಳುವ ಹಕ್ಕು ನಮ್ಮ ಸರ್ಕಾರಕ್ಕಾದರೂ ಇದೆ ಅಲ್ವಾ?

ಕೊರತೆ ಬಿದ್ದ ಕೂಡಲೇ ಬ್ಲ್ಯಾಕ್ ಶುರುವಾಗುತ್ತದೆ. ಆನ್‌ಲೈನಿನಲ್ಲಿ ನಾಲ್ಕೈದು ಹೆಸರಿನಲ್ಲಿ ಬುಕ್ ಮಾಡಿ, ಸೀಲ್ ಒಡೆಯದೆ, ಎಂಆರ್‌ಪಿಗಿಂತ ಎರಡು ಮೂರು ಸಾವಿರ ಜಾಸ್ತಿಗೆ ಮಾರುವವರಿದ್ದಾರೆ. ನಮ್ಮ ಅಂಗಡಿಗೂ ಬಂದು ‘ನೀವು ಇಟ್ಕೊಳ್ಳಿ, ಲಾಭ ಅರ್ಧರ್ಧ’ ಅಂದವರಿದ್ದಾರೆ. ತಮ್ಮ ಅವರನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ. ಪೆಟ್ಟಿಗೆಯ ಮೇಲೆ ಎಂಆರ್‌ಪಿ ಇರುವ ವಸ್ತುವನ್ನು ಅಂಗಡಿಯವರು ಅದಕ್ಕಿಂತ ಜಾಸ್ತಿಗೆ ಮಾರುವಂತಿಲ್ಲ. ಅಂಥ ಫೋನು ಕೊಂಡವರಿಗೆ ತಮ್ಮ ಹೆಸರಿನ ಬಿಲ್ ಸಿಗುವುದಿಲ್ಲ. ಕೆಟ್ಟರೆ ವಾರಂಟಿಗೆ ಅಲೆದಾಟ, ಕಳೆದರೆ ಪೊಲೀಸ್ ದೂರಿಗೂ ತೊಂದರೆ. ದಯವಿಟ್ಟು ಯಾರೂ ತೆಗೆದುಕೊಳ್ಳಬೇಡಿ.

ಹೊಸ ಕಾನೂನು ಬೇಕು ಅಂತಲೂ ನಾನು ಕೇಳುತ್ತಿಲ್ಲ. ಇರುವುದು ಸಾಕು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತುಗಳ ಮೇಲೆ ಮಾರ್ಗಸೂಚಿ ತಂದಿದೆ. ಆಮಿಷದ ಜಾಹೀರಾತು ಅಂತ ಅದರಲ್ಲಿ ಬೇರೆಯೇ ಒಂದು ಭಾಗ ಇದೆ. ತೋರಿಸಿದ ಬೆಲೆಗೆ ಮಾರುವ ಸಾಧ್ಯತೆ ಇಲ್ಲದಿದ್ದರೆ ಆ ಬೆಲೆ ತೋರಿಸಿ ಕರೆಯಬಾರದು. ಎಷ್ಟು ಬೇಡಿಕೆ ಬರಬಹುದೋ ಅಷ್ಟಕ್ಕೆ ತಕ್ಕ ಮಾಲು ಇರಬೇಕು. ಬೇಡಿಕೆ ಮಾಲಿಗಿಂತ ಜಾಸ್ತಿ ಅಂತ ಅಂದಾಜು ಇದ್ದರೆ, ಸ್ಟಾಕ್ ಕಡಿಮೆ ಇದೆ ಅಂತ ಜಾಹೀರಾತಿನಲ್ಲೇ ಸ್ಪಷ್ಟವಾಗಿ ಹೇಳಬೇಕು. ಬೇಡಿಕೆ ಎಷ್ಟಿದೆ ಅಂತ ಅಳೆಯಲು ಮಾತ್ರ ಜಾಹೀರಾತು ಕೊಟ್ಟಿದ್ದರೆ ಅದನ್ನೂ ಹೇಳಬೇಕು. ಇಷ್ಟನ್ನು ಪಾಲಿಸಿದ್ದರೆ ನೊಣವಿನಕೆರೆಯಿಂದ ಬಂದವರು ಬಸ್ ಚಾರ್ಜ್ ಕೊಟ್ಟುಕೊಂಡು ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಹಾಗಾಗಿ ಪ್ರಾಧಿಕಾರಕ್ಕೆ ನನ್ನ ಮನವಿ. ಫೋನು ಬಿಡುಗಡೆಯ ಜಾಹೀರಾತುಗಳನ್ನು ನೀವೇ ತೆಗೆದುಕೊಂಡು ನೋಡಿ, ಯಾರಾದರೂ ದೂರು ಕೊಡಲಿ ಅಂತ ಕಾಯಬೇಡಿ. ಆರಂಭದ ಬೆಲೆ ಅಂತ ದೊಡ್ಡದಾಗಿ ಹಾಕುವವರು ಆ ಬೆಲೆಯ ಪೀಸು ಮೊದಲ ದಿನ ಎಷ್ಟು, ಯಾವ ಜಿಲ್ಲೆಗೆ ಎಷ್ಟು ಅಂತ ಅಲ್ಲೇ ಹಾಕಲಿ. ರಾಜ್ಯ ಸರ್ಕಾರವೂ ನಮ್ಮ ನೆಲದಲ್ಲಿ ಕಾರ್ಖಾನೆ ಇರುವ ಕಂಪನಿಗಳ ಜೊತೆ ಈ ಮಾತು ಎತ್ತಲಿ.

ಓದುಗರಿಗೂ ಒಂದು ಮಾತು. ಮಾಲು ಬರುವ ಮೊದಲು ಯಾವ ಅಂಗಡಿಗೂ, ನಮ್ಮ ಅಂಗಡಿಗೂ, ರಸೀದಿ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ಮಾಡೆಲ್, ಮೆಮೊರಿ, ಬಣ್ಣ, ಬೆಲೆ, ವಾಪಸ್ ಕೊಡುವ ದಿನ, ಎಲ್ಲ ಅದರಲ್ಲಿ ಬರೆಸಿಕೊಳ್ಳಿ. ಜಾಹೀರಾತನ್ನು ಕತ್ತರಿಸಿಯೋ ಸ್ಕ್ರೀನ್‌ಶಾಟ್ ತೆಗೆದೋ ಇಟ್ಟುಕೊಳ್ಳಿ. ಹೇಳಿದ ಬೆಲೆಗೆ ಫೋನು ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

– ಮೊಬೈಲ್ ಅಂಗಡಿಯ ಒಡತಿ, ತಿಪಟೂರು