ಓದೋರು ಇದಾರೆ, ಕಾದಂಬರಿ ಸಿಗಬೇಕಲ್ಲ

ಸಂಪಾದಕರೇ,

ಮೊಬೈಲ್ ಬಂದ್ಮೇಲೆ ಕಾದಂಬರಿ ಕಥೆ ಮುಗೀತು ಅನ್ನೋರು ಒಂದ್ಸಲ ನಮ್ ಕೊಡಗಿನ ಕಡೆ ಕಕ್ಕಡದ, ಅಂದ್ರೆ ಜುಲೈ-ಆಗಸ್ಟ್ ಹೊತ್ತಿನ, ಮಳೇಲಿ ಬಂದು ಇರ್ಲಿ. ಮರ ಬಿದ್ದು ಲೈನ್ ಹರಿದ್ರೆ ನಾಲ್ಕು ದಿನ ಕರೆಂಟಿಲ್ಲ, ಎರಡನೇ ದಿನಕ್ಕೇ ಟವರೂ ಮಲಗುತ್ತೆ, ಆಮೇಲೆ ಮೊಬೈಲ್ ಅಂದ್ರೆ ಟಾರ್ಚು ಅಷ್ಟೆ. ಆಗ ನಮ್ಮನೇಲಿ ಅಟ್ಟದ ಪೆಟ್ಟಿಗೆ ಇಳಿಯುತ್ತೆ, ಹಾಳೆಗೆಲ್ಲ ಬೂಷ್ಟು, ಒಲೆ ಹತ್ರ ಒಣಗ್ಸ್ಕೊಂಡು ಓದ್ಬೇಕು (ಒಂದ್ಸಲ ಕಿಡಿ ಹಾರಿ ಕೊನೇ ಅಧ್ಯಾಯನೇ ಸುಟ್ಟೋಯ್ತು, ಅವ್ಳು ಅವನ್ನ ಮದ್ವೆ ಆದ್ಲೋ ಇಲ್ವೋ ಇವತ್ತಿಗೂ ಗೊತ್ತಿಲ್ಲ).

ಹಾಗಂತ ಮೊಬೈಲನ್ನ ಬೈಯ್ಯಲ್ಲ. ಸೊಸೆ ಪ್ರತಿಲಿಪಿ ಅನ್ನೋ ಕಥೆಗಳ ಆಪಲ್ಲಿ ಮುಂದಿನ ಕಂತಿಗೆ ಕಾಯ್ತಾ ಕೂರ್ತಾಳೆ, ನಮ್ಮತ್ತೆ ಧಾರಾವಾಹಿಗೋಸ್ಕರ ಸುಧಾ ವಾರಪತ್ರಿಕೆ ಬರೋ ದಿನ ಬಸ್‌ಸ್ಟ್ಯಾಂಡಿಗೆ ಆಳು ಕಳಿಸ್ತಿದ್ರು, ಎರಡೂ ಒಂದೇ ಚಟ.

ನನ್ ತಕರಾರು ಬೇರೆ. ನಮ್ ಕೊನೇ ರಾಜನ ಬಗ್ಗೆ ಮಾಸ್ತಿಯವ್ರು 1956ರಲ್ಲಿ ಬರೆದ ಚಿಕವೀರ ರಾಜೇಂದ್ರಕ್ಕೆ 1983ರ ಜ್ಞಾನಪೀಠ ಬಂತು, ಅದು ಅಂಗಡೀಲಿ ಸಿಗುತ್ತೆ. ಆದ್ರೆ ಕಾದಂಬರಿಕಾರ ಭಾರತೀಸುತರು ನಮ್ ಜಿಲ್ಲೆಯೋರೇ ಅಲ್ವಾ, ಅವ್ರು ಬರೆದ ಎಡಕಲ್ಲು ಗುಡ್ಡದ ಮೇಲೆ ಅಂದ್ರೆ ಎಲ್ರಿಗೂ 1973ರ ಸಿನಿಮಾನೇ ನೆನಪಾಗೋದು. ಅವ್ರ ಉಳಿದ ಕಾದಂಬರಿಗಳನ್ನ ಮಗಳಿಗೆ ಓದ್ಸೋಣ ಅಂತ ಫೋನಲ್ಲಿ ಒಂದಿಡೀ ಸಂಜೆ ಹುಡುಕ್ದೆ, ನಂಗಂತೂ ಸಿಗ್ಲಿಲ್ಲ, ಲೈಬ್ರರೀಲಿ ಇದ್ದ ಒಂದು ಪ್ರತೀಗೆ ರಟ್ಟೇ ಇರ್ಲಿಲ್ಲ. ಲೇಖಕರು ಹೋಗಿ 60 ವರ್ಷ ಆಗೋತನಕ ಕಾಪಿರೈಟ್ ಇರುತ್ತೆ, ಅವ್ರು ತೀರ್ಕೊಂಡಿದ್ದು 1976, ಅಂದ್ರೆ 2036 ದಾಟಬೇಕು, ಅಲ್ಲಿವರ್ಗೂ ನಮ್ಮೂರ ಬೂಷ್ಟು ಸುಮ್ನೆ ಕೂರುತ್ತಾ? ಕೊಡಗಿನ ಗೌರಮ್ಮ 1939ರಲ್ಲೇ ಹೋದ್ರು, ಅವ್ರು ಬರೆದಿದ್ದು ಕಥೆಗಳು, ಅದನ್ನಂತೂ ಮತ್ತೆ ಅಚ್ಚು ಹಾಕ್ಸೋಕೆ ಯಾರ ಅಪ್ಪಣೆನೂ ಬೇಡ.

ಲೈಬ್ರರಿ ಇಲಾಖೆಯೋರು ಹಕ್ಕಿರೋರ ಹತ್ರ ಮಾತಾಡಿ, ನ್ಯಾಯವಾದ ದುಡ್ಡು ಕೊಟ್ಟು ಇ-ಬುಕ್ ಮಾಡ್ಸಲಿ. ಪುಟದ ಫೋಟೊ ಹೊಡ್ದು ಹಾಕೋದಲ್ಲ, ಅಕ್ಷರ ದೊಡ್ಡದು ಮಾಡಿದ್ರೆ ಸಾಲು ಪಕ್ಕಕ್ಕೆ ಓಡೋಗುತ್ತೆ, ನನ್ ವಯಸ್ಸಿನೋರಿಗೆ ಅದು ಶಿಕ್ಷೆ, ಯೂನಿಕೋಡಲ್ಲಿ ಟೈಪ್ ಮಾಡ್ಸಿ. ಮತ್ತೆ ಡೌನ್‌ಲೋಡ್ ಆಗ್ಬೇಕು. ನೆಟ್‌ವರ್ಕ್ ಇದ್ರೆ ಮಾತ್ರ ತೆರೆಯೋ ಆಪ್ ನಮ್ಗೆ ಮೇ ತಿಂಗಳ ತನಕ ಮಾತ್ರ, ಓದೋಕೆ ಪುರುಸೊತ್ತಾಗೋದು ಜೂನ್ ಮೇಲೆ.

- ಒಬ್ಬ ಓದುಗಿ, ಸೋಮವಾರಪೇಟೆ